ವರ್ಣಮಾಲೆಯನ್ನು ಒಮ್ಮೆ ಹೇಳಿಸಿಕೊಂಡರೆ ಸಾಲದೇ?

ನಾನು ಕಂಪ್ಯೂಟರಿಗೆ ಮಾತು ಕಲಿಸುವ ಕೆಲಸದಲ್ಲಿರುವವನೆಂದು ತಿಳಿದ ಹಾಸನದ ಪರಿಚಿತರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಕನ್ನಡವನ್ನು ಬರೆದಂತೆಯೇ ಓದುತ್ತೇವಲ್ಲ, ಒಬ್ಬರಿಂದ ವರ್ಣಮಾಲೆಯನ್ನು ಹೇಳಿಸಿ ರೆಕಾರ್ಡ್ ಮಾಡಿಟ್ಟುಕೊಂಡು ಬೇಕಾದ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಮಾತಾಗುವುದಿಲ್ಲವೇ?

ಆಗುವುದಿಲ್ಲ. ರೈಲು ನಿಲ್ದಾಣದ ಪ್ರಕಟಣೆಯಂತಹ ಸಿದ್ಧ ವಾಕ್ಯದಲ್ಲಿ ಊರಿನ ಹೆಸರನ್ನೂ ಪ್ಲಾಟ್‌ಫಾರಂ ಸಂಖ್ಯೆಯನ್ನೂ ಬದಲಿಸಿದರೆ ಸಾಕು. ಆದರೆ ಯಾವುದೇ ಬರಹವನ್ನು ಓದಿಸಬೇಕಾದರೆ ಅಕ್ಷರಗಳ ಜೋಡಣೆ ಕೈಕೊಡುತ್ತದೆ. ಕಾರಣವನ್ನು ನಿಮ್ಮ ಬಾಯಲ್ಲೇ ಪರೀಕ್ಷಿಸಬಹುದು. ‘ಕುರಿ’ ಎನ್ನಲು ಹೊರಟಾಗ ಧ್ವನಿ ಹೊರಡುವ ಮುನ್ನವೇ ತುಟಿಗಳು ದುಂಡಾಗಿರುತ್ತವೆ; ‘ಕಿವಿ’ ಎನ್ನುವಾಗ ಹಾಗಾಗದೆ, ನಾಲಿಗೆ ಅಂಗುಳಿಗೆ ತುಸು ಮುಂದಕ್ಕೆ ತಾಗುತ್ತದೆ. ಅಂಗಡಿ, ಅಂಚೆ, ಅಂಟು, ಅಂದ, ಅಂಬಾರಿ ಎಂಬ ಐದು ಪದಗಳಲ್ಲಿ ಬರೆಯುವ ಸೊನ್ನೆ ಒಂದೇ ಆದರೂ ಉಚ್ಚರಿಸುವ ಅನುನಾಸಿಕಗಳು ಐದು. ಕಾಗುಣಿತವನ್ನೆಲ್ಲ ಹೇಳಿಸಿಕೊಂಡರೂ ತೊಡಕು ತೀರದು, ಏಕೆಂದರೆ ಒಂದು ಸ್ವರ ಮುಗಿಯುವಷ್ಟರಲ್ಲೇ ನಾಲಿಗೆ ಮುಂದಿನ ವ್ಯಂಜನದತ್ತ ಹೊರಟಿರುತ್ತದೆ. ಮಾತಿನ ಜೀವವಿರುವುದು ಈ ಸಂಧಿಕಾಲದಲ್ಲಿಯೇ.

ಆದ್ದರಿಂದ ಧ್ವನಿಯನ್ನು ಅಕ್ಷರದ ಅಂಚಿನಲ್ಲಿ ಕತ್ತರಿಸದೆ, ಒಂದು ಧ್ವನಿಯ ನಡುವಿನಿಂದ ಮುಂದಿನ ಧ್ವನಿಯ ನಡುವಿನವರೆಗೆ ಕತ್ತರಿಸುತ್ತಾರೆ. ಈ ತುಣುಕಿಗೆ ಡೈಫೋನ್ ಎಂದು ಹೆಸರು. ಐವತ್ತು ಧ್ವನಿಗಳ ಭಾಷೆಗೆ ಇಂತಹ ಜೋಡಿಗಳು ಹೆಚ್ಚೆಂದರೆ 2500. ಆದರೆ ಜೋಡಿಗೊಂದೇ ತುಣುಕಿದ್ದರೆ ವಾಕ್ಯಕ್ಕೆ ತಕ್ಕಂತೆ ಅದರ ಸ್ಥಾಯಿಯನ್ನೂ ಉದ್ದವನ್ನೂ ಗಣಿತದಿಂದ ಎಳೆದು ಬಗ್ಗಿಸಬೇಕಾಗುತ್ತದೆ, ಹೆಚ್ಚು ಬಗ್ಗಿಸಿದಷ್ಟೂ ಧ್ವನಿ ಯಾಂತ್ರಿಕವಾಗುತ್ತದೆ.

ಇದಕ್ಕೆ ನನಗೆ ಬಹಳ ಮೆಚ್ಚುಗೆಯಾದ ಪರಿಹಾರವನ್ನು ಆಂಡ್ರ್ಯೂ ಹಂಟ್ ಮತ್ತು ಅಲನ್ ಬ್ಲ್ಯಾಕ್ 1996ರ ಪ್ರಬಂಧವೊಂದರಲ್ಲಿ ವಿವರಿಸಿದರು. ಒಬ್ಬರೇ ಓದಿದ ಹಲವು ಗಂಟೆಗಳ ಧ್ವನಿಮುದ್ರಣದಲ್ಲಿ ಒಂದೇ ಜೋಡಿ ನೂರಾರು ಬಾರಿ ಬರುತ್ತದೆ. ಪ್ರತಿಯೊಂದು ತುಣುಕೂ ಬೇಕಾದ ಉಚ್ಚಾರಣೆಗೆ ಎಷ್ಟು ಹತ್ತಿರವಿದೆ, ನೆರೆಯ ತುಣುಕಿನೊಡನೆ ಎಷ್ಟು ನಯವಾಗಿ ಬೆಸೆಯುತ್ತದೆ ಎಂಬೆರಡನ್ನೂ ಅಳೆದು, ಒಟ್ಟು ದೋಷ ಕನಿಷ್ಠವಾಗುವ ಸರಣಿಯನ್ನು ಕಂಪ್ಯೂಟರ್ ಆರಿಸುತ್ತದೆ. ಓದಿದವರು ‘ಸಕಲೇಶಪುರ’ ಎಂದು ಒಮ್ಮೆಯೂ ಹೇಳದಿದ್ದರೂ ‘ಸಕಲ’, ‘ಲವಲೇಶ’, ‘ಎಲ್ಲ ಪುರಸಭೆ’ ಎಂಬಲ್ಲಿನ ತುಣುಕುಗಳಿಂದ ಆ ಹೆಸರು ಮೂಡಬಲ್ಲದು.

2016ರಲ್ಲಿ ವೇವ್‌ನೆಟ್ ಎಂಬ, ಧ್ವನಿ ರಚಿಸಲು ತಾನೇ ಕಲಿಯುವ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ ತುಣುಕುಗಳನ್ನು ಅಂಟಿಸುವ ಬದಲು ಧ್ವನಿಯ ಅಲೆಯನ್ನೇ ಹೊಸದಾಗಿ ರಚಿಸುವ ದಾರಿ ತೆರೆಯಿತು. ಆದರೂ ಆ ಯಂತ್ರ ಕಲಿಯುವುದು ಮನುಷ್ಯರು ಓದಿಕೊಟ್ಟ ಧ್ವನಿಯಿಂದಲೇ. ಬೆಳಗಿನ ಕಂಠಕ್ಕೂ ಸಂಜೆಯ ಕಂಠಕ್ಕೂ ವ್ಯತ್ಯಾಸ ಬಾರದಂತೆ, ಮೈಕಿನಿಂದ ಒಂದೇ ಅಂತರದಲ್ಲಿ ಕುಳಿತು, ಸಾವಿರಾರು ವಾಕ್ಯಗಳನ್ನು ತಾಳ್ಮೆಯಿಂದ ಓದುವವರ ಶ್ರಮವನ್ನು ಈ ಪ್ರಶ್ನೆಗೆ ಉತ್ತರಿಸುವಾಗಲೆಲ್ಲ ನಾನು ತಪ್ಪದೆ ಹೇಳುತ್ತೇನೆ.