ಸಾಲಗಾಮೆ ರಸ್ತೆ ಕಡೆಯ ಬಾಡಿಗೆ ಮನೆ: ಆರನೇ ವಾರದ ಕೆಲಸ

ಹಾಸನ. 30×40 ನಿವೇಶನ, ಕೆಳಗೊಂದು ಮೇಲೊಂದು ಎರಡು ಬೆಡ್‌ರೂಮಿನ ಮನೆ, ಕಟ್ಟಿ ಹದಿನೆಂಟು ವರ್ಷ. ಕ್ರಯ ಮುಗಿದಿದೆ, ಈಗ ಬಾಡಿಗೆಗೆ ಸಜ್ಜು ಮಾಡುವ ಹಂತ. ಮೃಗಶಿರಾ ಮಳೆ ಹಿಡಿಯುವುದರೊಳಗೆ ತಾರಸಿ ಮುಗಿಯಲೇಬೇಕು. ಉಳಿದದ್ದು ನಾಲ್ಕು ದಿನ ಹಿಂದುಮುಂದಾದರೂ ನಡೆಯುತ್ತದೆ.

ಮೊದಲು ದುಡ್ಡಿನ ಲೆಕ್ಕ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಕ್ರಯ 60 ಲಕ್ಷ. ಮುದ್ರಾಂಕ ಶುಲ್ಕ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಅಲ್ಲಿಗೆ 4.56 ಲಕ್ಷ. ದುರಸ್ತಿಗೆ ಎತ್ತಿಟ್ಟಿರುವುದು 3.44 ಲಕ್ಷ. ಒಟ್ಟು 68 ಲಕ್ಷ. ಬಾಡಿಗೆ ಕೆಳಗೆ 11,000, ಮೇಲೆ 10,000 ಎಂದು ಹಿಡಿದಿದೆ. ವರ್ಷಕ್ಕೆ ಹನ್ನೆರಡಲ್ಲ, ಹನ್ನೊಂದು ತಿಂಗಳ ಬಾಡಿಗೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಇರುತ್ತದೆ. 2,31,000ದಲ್ಲಿ ಕಂದಾಯ, ಮೋಟಾರಿನ ಕರೆಂಟು, ಸಣ್ಣಪುಟ್ಟ ರಿಪೇರಿಗೆ 27,000 ಕಳೆದರೆ ಕೈಗೆ 2,04,000. ಹಾಕಿದ ಬಂಡವಾಳಕ್ಕೆ ಶೇ. 3. ಇದೇ ಮನೆಗೆ 40 ಲಕ್ಷ ಸಾಲವನ್ನು ಶೇ. 8.5ರಂತೆ 20 ವರ್ಷಕ್ಕೆ ತೆಗೆದರೆ ಕಂತು ಸುಮಾರು 34,700. ಎರಡೂ ಮನೆ ತುಂಬಿದ ತಿಂಗಳಲ್ಲೂ ಕೈಯಿಂದ 13,700 ಹಾಕಬೇಕು. ಬಾಡಿಗೆಯೇ ಕಂತು ಕಟ್ಟಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಮನೆ ಕೊಳ್ಳಬೇಡಿ.

ಕಾಗದ ಪತ್ರ: ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಊರಂಚಿನ ಬಡಾವಣೆಯಾದರೆ ಪಂಚಾಯಿತಿಯ ನಮೂನೆ 9 ಮತ್ತು 11 ಕೇಳಿ. ಋಣಭಾರ ಪತ್ರದಲ್ಲಿ (ಇಸಿ) ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ 16 ಬರುತ್ತದೆ. ಹಳೆಯ ಅಡಮಾನ ಕಂಡರೆ ಅದು ತೀರಿದ ದಾಖಲೆಯೂ ಕೈಗೆ ಬರಬೇಕು.

ಈ ವಾರ ಹೆಚ್ಚು ಹೊತ್ತು ಹಿಡಿದದ್ದು ಮೇಲಿನ ಮನೆಯ ಒಂದು ಗೋಡೆ. ಮೊಣಕಾಲೆತ್ತರದಲ್ಲಿ ಬಣ್ಣ ಗುಳ್ಳೆ ಎದ್ದು, ಬೆರಳು ತಾಗಿಸಿದರೆ ಬಿಳಿ ಉಪ್ಪು ಹಿಟ್ಟಿನಂತೆ ಉದುರುತ್ತಿತ್ತು. ಪೇಂಟರ್ ಪುಟ್ಟಿ ಎಳೆದು ಮುಚ್ಚಿಬಿಡಲು ಸಿದ್ಧ. ಹಾಗೆ ಮುಚ್ಚಿದ್ದು ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪು ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಲಾಯಿತು. ಹನಿ ಕೂತದ್ದು ಹಾಳೆಯ ಒಳಮೈಗೆ, ಅಂದರೆ ಗೋಡೆಯ ಒಳಗಿಂದಲೇ ನೀರು. (ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯ ತೇವ, ಅದಕ್ಕೆ ಕಿಟಕಿ ತೆರೆದರೆ ಸಾಕು.) ಗೋಡೆಯ ಆಚೆ ಬಚ್ಚಲು. ಟೈಲ್ಸ್ ಎಬ್ಬಿಸಿದಾಗ ನಾನಿ ಟ್ರ್ಯಾಪಿನ (ಬಚ್ಚಲ ನೀರು ಹೊರಹೋಗುವ, ವಾಸನೆ ತಡೆಯಲು ಒಳಗೆ ನೀರು ನಿಲ್ಲುವ ಬಾಯಿ) ಸುತ್ತ ಸಿಮೆಂಟು ಬಿಟ್ಟು ಕಿರುಬೆರಳು ತೂರುವಷ್ಟು ಸಂದು ಕಂಡಿತು.

ಟ್ರ್ಯಾಪಿನ ಸುತ್ತ ಕುಗ್ಗದ ಗ್ರೌಟ್ (ಸಂದು ತುಂಬುವ ಸಿಮೆಂಟು ಮಿಶ್ರಣ) ತುಂಬಿ, ನೆಲಕ್ಕೆ ಎರಡು ಕೋಟ್ ವಾಟರ್‌ಪ್ರೂಫಿಂಗ್ ಆಗಿದೆ. ಸುತ್ತ ಗೋಡೆಗೆ ಒಂದಡಿ, ಷವರ್ ಬದಿಗೆ ಆರಡಿ ಎತ್ತರ. ಎರಡನೇ ಕೋಟನ್ನು ಮೊದಲನೆಯದಕ್ಕೆ ಅಡ್ಡಡ್ಡ ಬಳಿಯಬೇಕು. ಒಂದೇ ದಿಕ್ಕಿಗೆ ಬಳಿದರೆ ಬ್ರಷ್ ಬಿಟ್ಟ ಗೆರೆ ಹಾಗೇ ಉಳಿಯುತ್ತದೆ. ಒಣಗಿದ ಮೇಲೆ ಟ್ರ್ಯಾಪಿನ ಬಾಯಿ ಮುಚ್ಚಿ ನೀರು ಕಟ್ಟಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 48 ಗಂಟೆ ಬಿಡಲಾಗಿತ್ತು. ಗೆರೆಯಿಂದ ಇಳಿದದ್ದು ಕೂದಲೆಳೆಯಷ್ಟು, ಕೆಳಮನೆಯ ಸೂರು ಒಣಗಿಯೇ ಇತ್ತು. ಆ ಮೇಲೆಯೇ ಟೈಲ್ಸ್. ಕೋಣೆಯ ಕಡೆ ಕೆಟ್ಟ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕಿತ್ತು, ಉಪ್ಪನ್ನು ಒಣ ಬ್ರಷ್‌ನಿಂದ ತೆಗೆದಿದೆ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಕ್ಕೇ ಹೋಗುತ್ತದೆ. ಒಣಗಲಿ ಎಂದು ಆ ಗೋಡೆಗೆ ಇನ್ನು ಮೂರು ವಾರ ಕೈ ಹಾಕುವುದಿಲ್ಲ.

ತಾರಸಿಗೆ ಹತ್ತಡಿಗೆ ಒಂದೂಕಾಲು ಇಂಚು ವಾಟ (ಇಳಿಜಾರು) ಕೊಟ್ಟಿದೆ. ಪ್ಯಾರಪೆಟ್ ಮೂಲೆಗಳಿಗೆ ಗೋಲಾ (ಗೋಡೆ-ನೆಲ ಕೂಡುವಲ್ಲಿ ದುಂಡಗೆ ತುಂಬುವ ಗಾರೆ), ನೀರು ಇಳಿಯಲು ಎರಡು ಕಡೆ ನಾಲ್ಕಿಂಚು ಪೈಪು. ಒಂದೇ ಪೈಪಿದ್ದು ಅದಕ್ಕೆ ಎಲೆ ಸಿಕ್ಕಿದರೆ ತಾರಸಿಯೇ ಕೆರೆ.

ನೀರು: ತಲೆಗೆ ದಿನಕ್ಕೆ 135 ಲೀಟರ್. ಇಲ್ಲಿ ಬಾಡಿಗೆ ಕೇಳಿಕೊಂಡು ಬರುವವರಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಹುಡುಗರೂ ಇರುತ್ತಾರೆ. ಆರು ಜನ ಸೇರಿದರೆ 810 ಲೀಟರ್. ಎರಡೂ ಮನೆಗೆ ಒಂದೇ 1000 ಲೀಟರ್ ಟ್ಯಾಂಕ್ ಇಟ್ಟರೆ ಜಗಳ ಖಾಯಂ. ಹಾಗಾಗಿ ಮನೆಗೊಂದು ಟ್ಯಾಂಕ್. ಸೆಸ್ಕ್ (ಇಲ್ಲಿನ ವಿದ್ಯುತ್ ಕಂಪನಿ) ಮೀಟರ್ ಮನೆಗೊಂದು ಮೊದಲೇ ಇದೆ, ಸಂಪಿನ ಮೋಟಾರಿಗೆ ಮೂರನೆಯದಕ್ಕೆ ಅರ್ಜಿ ಹಾಕಿದೆ. ಮೋಟಾರ್ ಒಬ್ಬ ಬಾಡಿಗೆದಾರರ ಮೀಟರಿಗೆ ಸೇರಿದ್ದರೆ ಪ್ರತಿ ತಿಂಗಳೂ ಬಿಲ್ಲಿನ ತಕರಾರು ಬರುತ್ತದೆ. ಗೀಸರಿಗೆ 4 ಚದರ ಮಿ.ಮೀ. ತಂತಿ, 16 ಆಂಪಿಯರ್ ಸಾಕೆಟ್, ಮನೆಗೊಂದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿತ ಮಾಡುವ ಸ್ವಿಚ್). ಈ ಆರ್‌ಸಿಸಿಬಿಯಲ್ಲಿ ಉಳಿತಾಯ ನೋಡಬೇಡಿ, ಬಚ್ಚಲಲ್ಲಿ ಒದ್ದೆ ಕಾಲಲ್ಲಿ ನಿಲ್ಲುವವರ ಜೀವದ ಪ್ರಶ್ನೆ.

ಕರಾರು 11 ತಿಂಗಳಿನದು. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಮನೆ ಬಿಡುವಾಗ ಬಣ್ಣಕ್ಕೆ ಎಷ್ಟು ಮುರಿದುಕೊಳ್ಳುವುದು ಎಂಬುದನ್ನು ಅಂಕಿಯಲ್ಲೇ ಬರೆಯಿರಿ. ‘ಪದ್ಧತಿಯಂತೆ’ ಎಂದು ಬರೆದರೆ ಅಡ್ವಾನ್ಸ್ ವಾಪಸು ಕೊಡುವ ದಿನ ಮನಸ್ತಾಪ ತಪ್ಪದು. ಭೋಗ್ಯಕ್ಕೆ (ತಿಂಗಳ ಬಾಡಿಗೆ ಬದಲು ದೊಡ್ಡ ಮೊತ್ತ ಮುಂಗಡ ಪಡೆದು) ಕೊಡುವ ಯೋಚನೆ ಕೈಬಿಟ್ಟಿದೆ. ಅವಧಿ ಮುಗಿದಾಗ ಅಷ್ಟೂ ಹಣ ಒಟ್ಟಿಗೆ ಹಿಂತಿರುಗಿಸಬೇಕಾಗುತ್ತದೆ.

ಬಾಕಿ ಇರುವುದು: ತಾರಸಿಗೆ ನೀರು ಕಟ್ಟಿ ನೋಡುವುದು, ಕೆಳಮನೆಯ ಗೀಸರ್ ಲೈನು, ಮೂರು ವಾರದ ಮೇಲೆ ಆ ಗೋಡೆಗೆ ಮತ್ತೊಮ್ಮೆ ಪ್ಲಾಸ್ಟಿಕ್ ಹಾಳೆ. ಅಲ್ಲಿಯತನಕ ಖಾಲಿ ಮನೆಯ ಎಲ್ಲ ಟ್ರ್ಯಾಪಿಗೂ ವಾರಕ್ಕೊಮ್ಮೆ ಒಂದೊಂದು ಚೊಂಬು ನೀರು ಹಾಕಬೇಕು. ಅದು ಆರಿಹೋದರೆ ಚರಂಡಿ ವಾಸನೆ ಒಳಗೆ ಬರುತ್ತದೆ, ಮನೆ ನೋಡಲು ಬಂದವರು ಬಾಗಿಲಿಂದಲೇ ತಿರುಗುತ್ತಾರೆ.