ಐದಂಕಿ ಹಿಂದಿನ ತಲೆ

ನನ್ನದು ಮೆಡಿಕಲ್ ಕೋಡಿಂಗ್, ಅಂದರೆ ರಿಪೋರ್ಟ್ ಓದಿ ಬಿಲ್ಲಿಗೆ ಕೋಡ್ ಹಾಕೋ ಕೆಲಸ. ಇವತ್ತು ಒಂದೇ ಒಂದು ತಲೆಯ ಸಿಟಿ ಸ್ಕ್ಯಾನ್ ರಿಪೋರ್ಟ್ ಅರ್ಧ ಗಂಟೆ ತಿಂತು. ಅಮೆರಿಕದ ಬಿಲ್ಲಿಂಗಿನಲ್ಲಿ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಒಳಗಿನದು ಸ್ಪಷ್ಟವಾಗಿ ಕಾಣಲಿ ಅಂತ ಕೊಡೋ ಔಷಧಿ) ಇಲ್ಲದೆ ತೆಗೆದರೆ ಕೋಡ್ 70450, ಕೊಟ್ಟು ತೆಗೆದರೆ 70460. ಮೊದಲು ಇಲ್ಲದೆ, ಆಮೇಲೆ ಕೊಟ್ಟು ಇನ್ನೊಮ್ಮೆ ತೆಗೆದರೆ 70470. ಹೆಡ್ಡಿಂಗಿನಲ್ಲಿ ಬರೀ 'ಕಾಂಟ್ರಾಸ್ಟ್ ಸಹಿತ' ಅಂತಿತ್ತು. ಕೆಳಗೆ ಟೆಕ್ನಿಕ್ ಸಾಲು ಓದಿದರೆ ಎರಡೂ ಸಲ ಸ್ಕ್ಯಾನ್ ಆಗಿದೆ! ಹಾಕಬೇಕಾದ್ದು 70470 ಒಂದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೊದಲೆರಡನ್ನೂ ಜೋಡಿಸಿ ಹಾಕಿ ಚೆನ್ನಾಗಿ ಬೈಸಿಕೊಂಡಿದ್ದೆ.

ಕಾಂಟ್ರಾಸ್ಟ್ ಔಷಧಿಗೆ ಎಂಎಲ್ ಲೆಕ್ಕದಲ್ಲಿ ಬೇರೆ ಕೋಡ್. 75 ಎಂಎಲ್ ಅಂತ ಟೈಪ್ ಮಾಡುವಾಗ ಸುಮ್ನೆ ಯೋಚನೆ ಬಂತು. ಅದು ರಕ್ತನಾಳದೊಳಗೆ ಹೋಗುವಾಗ ಮೈಯೆಲ್ಲ ಬಿಸಿ ಆಗುತ್ತದಂತೆ. ಯಾರೋ ಅಲ್ಲಾಡದೆ ಮಲಗಿದ್ದರು, ಅಲ್ವಾ? ವಯಸ್ಸು, ಲಿಂಗ, 'ತಲೆನೋವು' ಅನ್ನೋ ಒಂದು ಪದ. ನನಗೆ ಗೊತ್ತಿರೋದು ಇಷ್ಟೇ.