ಜುಲೈನಲ್ಲೂ ಗಿಡಕ್ಕೆ ನೀರು ಹಾಕಿದ್ರಾ ಅಂತ ಕೇಳುವವರಿಗೆ

ನಾನು ಶಿವಮೊಗ್ಗ-ತೀರ್ಥಹಳ್ಳಿ ರಸ್ತೆ ಕಡೆಯ ಒಂದು ಕ್ಯಾಂಪಸ್‌ನಲ್ಲಿ ಗಾರ್ಡನ್ ಸೂಪರ್‌ವೈಸರ್. ಹೀಗಂದ ತಕ್ಷಣ ಜನ "ಓ, ಗಿಡಕ್ಕೆ ನೀರು ಹಾಕಿಸೋ ಕೆಲಸನಾ" ಅಂತಾರೆ. ಅವರ ತಪ್ಪಲ್ಲ ಬಿಡಿ. ನಮ್ಮ ಹೆಡ್ ಆಫೀಸಿನವರೂ ಹಾಗೇ ಅಂದುಕೊಂಡಿದ್ದಾರೆ. ಅವರು ಬೆಂಗಳೂರಿನಿಂದ ಕಳಿಸುವ ಎಕ್ಸೆಲ್ ಶೀಟ್‌ನಲ್ಲಿ ಮೊದಲ ಕಾಲಮ್ಮೇ ನೀರು. ದಿನಾ ಟಿಕ್ ಹಾಕಬೇಕು. ಹೊರಗೆ ಹಗಲು ರಾತ್ರಿ ಬಿಡದೆ ಹೊಯ್ಯುತ್ತಿದ್ದರೂ, ನಾನು ಶೆಡ್ಡಿನಲ್ಲಿ ಕೂತು ನೀರು ಹಾಕಿದೆವು ಅಂತ ಟಿಕ್ ಹಾಕುತ್ತಿರುತ್ತೇನೆ. ಖಾಲಿ ಬಿಟ್ಟರೆ ಫೋನ್ ಬರುತ್ತೆ.

ಅವರು ಮೊಬೈಲ್‌ನಲ್ಲಿ ಶಿವಮೊಗ್ಗದ ಹವಾಮಾನ ನೋಡಿ ಮಾತಾಡುತ್ತಾರೆ. ಪೇಟೆಯಲ್ಲಿ ಬಿಸಿಲಿದ್ದರೆ ಗಾಜನೂರು ದಾಟಿದ ಮೇಲೆ ಕೊಡೆ ಬೇಕಾಗುತ್ತೆ ಅನ್ನೋದು ಅದರಲ್ಲಿ ಕಾಣಲ್ಲ. ಇದೇ ರಸ್ತೆಯಲ್ಲಿ ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋದರೆ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತೆ. ಒಂದೇ ಜಿಲ್ಲೆ ಅಂತ ಒಂದೇ ಲೆಕ್ಕ ಹಿಡಿಯೋಕಾಗಲ್ಲ.

ಇಲ್ಲಿ ನೀರು ಹಾಕುವ ಕೆಲಸ ನಾಲ್ಕೈದು ತಿಂಗಳದ್ದು. ನಿಜವಾದ ಕೆಲಸ ಬಂದ ನೀರನ್ನು ಆಚೆ ಕಳಿಸೋದು. ಅಡಿಕೆ ತೋಟ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೋಟದಲ್ಲಿ ಮೊದಲು ನೋಡೋದೇ ಬಸಿಗಾಲುವೆ. ಕ್ಯಾಂಪಸ್ ಕಟ್ಟುವವರು ಮಾತ್ರ ಮೊದಲು ಗುಡ್ಡ ಸಮ ಮಾಡಿ, ಆಮೇಲೆ ಲಾನ್ ಹಾಸಿ, ಕೊನೆಗೆ ನೀರು ಎಲ್ಲಿ ಹೋಗಬೇಕು ಅಂತ ಕೇಳುತ್ತಾರೆ. ಅಷ್ಟರಲ್ಲಿ ಅದು ತನ್ನ ದಾರಿ ತಾನೇ ಮಾಡಿಕೊಂಡಿರುತ್ತೆ.

ಹಾಗಾಗಿ ಮೇ ತಿಂಗಳು ನನಗೆ ಚರಂಡಿ ತಿಂಗಳು. ನಮ್ಮಲ್ಲಿ ಅಕೇಶಿಯಾ ಜಾಸ್ತಿ. ಭದ್ರಾವತಿಯ ಕಾಗದ ಕಾರ್ಖಾನೆಗೆ ಅಂತ ಈ ಕಡೆ ಗುಡ್ಡಗಳಲ್ಲೆಲ್ಲ ಬೆಳೆಸಿದ ಮರ, ಅಲ್ಲಿಂದ ಎಲ್ಲರ ಕಾಂಪೌಂಡಿಗೂ ಬಂತು. ಅದರ ಎಲೆ ಬೇಗ ಕೊಳೆಯಲ್ಲ. ಒಣಗಿ ಕುಡುಗೋಲಿನ ಹಾಗೆ ಬಾಗಿ, ಮೋರಿ ಬಾಯಲ್ಲಿ ಒಂದರ ಮೇಲೊಂದು ಕೂತುಬಿಡುತ್ತೆ. ಅದರ ಮೇಲೆ ಕೆಂಪು ಮಣ್ಣು ಬಂದು ಕೂತರೆ ಮುಗೀತು, ಸಲಿಕೆ ಇಳಿಯಲ್ಲ, ಹಾರೆ ಹಾಕಿ ಎಬ್ಬಿಸಬೇಕು. ಇದನ್ನು ಮಳೆ ಹಿಡಿಯೋ ಮೊದಲು ಮಾಡಿದರೆ ಇಬ್ಬರು ಸಾಕು. ಮಳೆ ಹಿಡಿದ ಮೇಲೆ ಮಾಡಿದರೆ ಇಡೀ ತಂಡ ಮೊಣಕಾಲುದ್ದ ನೀರಲ್ಲಿ ನಿಲ್ಲಬೇಕು, ಜೊತೆಗೆ ರಕ್ತ ಹೀರೋ ಇಂಬಳ (ಜಿಗಣೆ).

ಮರ ಸವರೋದೂ ಆಗಲೇ. ಏಪ್ರಿಲ್-ಮೇನಲ್ಲಿ ಬರುವ ಅಡ್ಡ ಮಳೆ ಗಾಳಿ ಸಮೇತ ಬರುತ್ತೆ. ಅಕೇಶಿಯಾ ಕೊಂಬೆ, ಗುಲ್‌ಮೊಹರ್ ಕೊಂಬೆ ಎರಡೂ ಲಟಕ್ಕನೆ ಮುರಿಯೋ ಜಾತಿ. ಪಾರ್ಕಿಂಗ್ ಮೇಲೆ ಚಾಚಿದ್ದನ್ನು ಮೊದಲು ತೆಗೆಸುತ್ತೇನೆ. ಮರ ಕಡಿಯೋದು ಬೇರೆ ವಿಷಯ. ಅದಕ್ಕೆ 1976ರ ಮರಗಳ ಸಂರಕ್ಷಣೆ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು, ಯಾವ ಜಾತಿಗೆ ವಿನಾಯಿತಿ ಅಂತ ಪಟ್ಟಿಯೂ ಇದೆ. "ನಮ್ಮ ಜಾಗದ ಮರ, ಯಾರನ್ನು ಕೇಳೋದು" ಅನ್ನೋ ಮ್ಯಾನೇಜರ್‌ಗಳಿಗೆ ನಾನು ಒಂದೇ ಮಾತು ಹೇಳೋದು: ಬರೆದು ಸಹಿ ಹಾಕಿ ಕೊಡಿ ಸಾರ್, ಕಡಿಸ್ತೀನಿ. ಇವತ್ತಿನವರೆಗೆ ಯಾರೂ ಬರೆದು ಕೊಟ್ಟಿಲ್ಲ.

ಇನ್ನು ಲಾನ್. ಫೋಟೋದಲ್ಲಿ ಕಾಣುವ ಸಣ್ಣೆಲೆಯ, ದಪ್ಪ ಹಾಸಿನ ಹುಲ್ಲೇ ಬೇಕು ಅಂತ ಎಲ್ಲರಿಗೂ ಆಸೆ. ಬಿಸಿಲು ಬೀಳೋ ಜಾಗದಲ್ಲಿ ಅದು ಚೆನ್ನಾಗಿಯೇ ಬರುತ್ತೆ. ಮರದ ನೆರಳು ಮತ್ತು ನಮ್ಮ ಮಳೆ ಎರಡೂ ಸೇರಿದರೆ ಬುಡದಿಂದ ಕೊಳೆಯುತ್ತೆ. ಅಂಥ ಕಡೆ ಅಗಲ ಎಲೆಯ ಬಫೆಲೋ ಹುಲ್ಲು ಹಾಕಿ ಸುಮ್ನಿರೋದು ಒಳ್ಳೇದು. ನೋಡೋಕೆ ಸ್ವಲ್ಪ ಒರಟು, ಆದರೆ ಬದುಕುತ್ತೆ. ಮಳೆಗಾಲದಲ್ಲಿ ಹುಲ್ಲನ್ನು ಬೋಳಿಸಬಾರದು, ಎರಡು ಇಂಚಾದರೂ ಬಿಡಬೇಕು. ಜೇಕು ಅನ್ನೋ ಕಳೆ ಬಂದರೆ ಮೇಲಿಂದ ಕಿತ್ತು ಪ್ರಯೋಜನ ಇಲ್ಲ, ಗಡ್ಡೆ ಒಳಗೇ ಇರುತ್ತೆ, ವಾರದಲ್ಲಿ ಮತ್ತೆ ಹಾಜರು.

ಹುಲ್ಲು ಹೊಡೆಯೋ ಮೆಷಿನ್ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಕಿರಿಕಿರಿ ಮಾಡುತ್ತೇನೆ ಅಂತ ಹುಡುಗರ ದೂರು. ನಮ್ಮ ಮೆಷಿನ್‌ಗೆ ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಟೂಟಿ (ಟೂ-ಸ್ಟ್ರೋಕ್ ಎಂಜಿನ್ನಿನ) ಆಯಿಲ್. ಅಂದಾಜಿಗೆ ಸುರಿಯೋದು ಬೇಡ, ಅಳತೆ ಮುಚ್ಚಳ ಇದೆ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತೆ, ಆ ಬಿಲ್ಲು ಪಾಸ್ ಆಗೋದ್ರೊಳಗೆ ಹುಲ್ಲು ಸೊಂಟದೆತ್ತರ. ಇನ್ನೊಂದು, ಜಂಬಿಟ್ಟಿಗೆ ಅನ್ನೋ ಕೆಂಪು ಕಲ್ಲಿನ ಚೂರು. ನಮ್ಮ ನೆಲದ ತುಂಬ ಅದೇ. ಬ್ಲೇಡ್‌ಗೆ ತಾಗಿದರೆ ಕವಣೆ ಕಲ್ಲೇ ಸೈ. ಹದಿನೈದು ಮೀಟರ್ ಒಳಗೆ ಯಾರೂ ಇರಬಾರದು ಅಂತ ಕಂಪನಿಯವರೇ ಬರೆದಿರುತ್ತಾರೆ. ಕಾರು ನಿಂತಿರೋ ಕಡೆ ಬ್ಲೇಡ್ ಬಿಚ್ಚಿಸಿ ನೈಲಾನ್ ದಾರ ಹಾಕಿಸುತ್ತೇನೆ.

ಶೀಟ್‌ನಲ್ಲಿ ಎಲ್ಲೂ ಇಲ್ಲದ ದೊಡ್ಡ ವಿಷಯ ಅಂದರೆ ಅಡಿಕೆ. ಆಫೀಸಿನವರಿಗೆ ಅಕ್ಟೋಬರ್‌ನಿಂದ ಡಿಸೆಂಬರ್ ಅಂದರೆ ಒಂದು ಕ್ವಾರ್ಟರ್. ನಮಗೆ ಅದು ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸೋ ಕಾಲ. ನಮ್ಮ ತಂಡದ ಹಿರಿಯ ಅಕ್ಕ ಒಂದು ಸಂಜೆ ಕತ್ತಿ ತೊಳೆದಿಟ್ಟು, "ಅಣ್ಣ, ನಾಳಿಂದ ನಾವು ಬರಲ್ಲ, ಸುಲಿಯೋಕೆ ಹೋಗ್ತೀವಿ" ಅಂತಾರೆ. ಹೆಂಗಸರಲ್ಲಿ ಅರ್ಧ ಜನ ಅವತ್ತಿಗೆ ಖಾಲಿ. ತಡೆಯೋಕೆ ನನ್ನ ಹತ್ತಿರ ಬಾಯಿಲ್ಲ. ಸುಲಿದಷ್ಟಕ್ಕೆ ದುಡ್ಡು, ಕೈ ಚುರುಕಿದ್ದವರಿಗೆ ನಮ್ಮ ದಿನಗೂಲಿಗಿಂತ ಜಾಸ್ತಿ ಸಿಗುತ್ತೆ, ಕೂತು ಮಾಡೋ ಕೆಲಸ, ಮಾತಿಗೆ ಜನ ಇರ್ತಾರೆ, ಜೊತೆಗೆ ಕಾಫಿ. ನಾನಾದರೂ ಅದಕ್ಕೇ ಹೋಗ್ತಿದ್ದೆ. ಜೂನ್‌ನಲ್ಲಿ ಗಂಡಸರ ಕಥೆಯೂ ಇದೇ. ಕೊಳೆರೋಗ ಬರಬಾರದು ಅಂತ ಮಳೆ ಹಿಡಿಯೋ ಮೊದಲೇ ತೋಟಕ್ಕೆ ಬೋರ್ಡೋ ದ್ರಾವಣ ಹೊಡೀಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ನೀರು ಕಲಸೋಕೆ ಮನುಷ್ಯ ಸಿಗಬಹುದು, ಮರ ಹತ್ತೋರು ಸಿಗಲ್ಲ. ನಮ್ಮ ತಂಡದಲ್ಲಿ ಮರ ಹತ್ತೋನು ಒಬ್ಬನೇ, ಅವನ ಫೋನ್ ಆಗ ಸ್ವಿಚ್ ಆಫ್. ಅದಕ್ಕೇ ಕೊಂಬೆ ಸವರೋದನ್ನು ಮೇ ಮಧ್ಯದೊಳಗೆ ಮುಗಿಸಿಬಿಡೋದು. ಗಿಡ ನೆಡೋದು ಆರಿದ್ರಾ ಮಳೆಗೆ, ಗೊಬ್ಬರ ಹೊರೋದು ದಸರಾದೊಳಗೆ. ಅಡಿಕೆಯವರ ಕ್ಯಾಲೆಂಡರ್ ನೋಡಿಕೊಂಡು ನಮ್ಮದನ್ನು ಹೊಂದಿಸಬೇಕು, ಬೇರೆ ದಾರಿ ಇಲ್ಲ.

ಡಿಸೆಂಬರ್ ಆದ ಮೇಲೆ ದರಗು, ಅಂದರೆ ಉದುರಿದ ಒಣ ಎಲೆ. ಗುಡಿಸಿ ಬೆಂಕಿ ಇಡಿ ಅನ್ನೋರು ಇದ್ದಾರೆ. ಗುಂಡಿಗೆ ಹಾಕಿ, ಸಗಣಿ ನೀರು ಚಿಮುಕಿಸಿ, ಮೇಲೆ ಮಣ್ಣು ಎಳೆದರೆ ಮುಂದಿನ ಮಳೆಗೆ ಗೊಬ್ಬರ, ಇದಕ್ಕಿಂತ ಹೆಚ್ಚು ವಾದ ನಾನು ಮಾಡಲ್ಲ.

ಈ ಕಾಲದಲ್ಲಿ ನನಗೆ ಇರೋ ತಲೆಬಿಸಿ ಉಣುಗು, ಅಂದರೆ ಉಣ್ಣೆ ಹುಳ. ಮಂಗನ ಕಾಯಿಲೆ ಮನುಷ್ಯರಿಗೆ ಬರೋದು ಇದು ಕಚ್ಚಿಯೇ. ಆ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದರೆ ಸರಿಯಾಗಿ ನಾವು ದರಗು ಗುಡಿಸೋ ಕಾಲ. ನಮ್ಮ ಹಿಂದಿನ ಕಾಂಪೌಂಡ್ ಕಾಡಿಗೇ ತಾಗಿದೆ. ಆ ಕಡೆ ಹೋಗೋರಿಗೆ ಗಂಬೂಟು, ತುಂಬು ತೋಳಿನ ಅಂಗಿ ಕಡ್ಡಾಯ, ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ಕೊಡೋ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ಇಳಿಯಬೇಕು. ದರಗಿನ ರಾಶಿ ಮೇಲೆ ಕೂತು ಊಟ ಮಾಡೋ ಹಾಗಿಲ್ಲ. ಸಂಜೆ ಮನೆಗೆ ಹೋದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮೊದಲು ನನಗೆ ಹೇಳಿ, ನಾನು ಆಸ್ಪತ್ರೆಗೆ ತಿಳಿಸ್ತೀನಿ. ಜ್ವರ ಬಂದರೆ ಕೆಲಸಕ್ಕೆ ಬಂದು ರಜಾ ಕೇಳೋದೂ ಬೇಡ, ಸೀದಾ ಪಿಎಚ್‌ಸಿಗೆ ಹೋಗಿ ರಕ್ತ ಕೊಟ್ಟು ಬನ್ನಿ, ಹಾಜರಿ ನಾನು ನೋಡ್ಕೋತೀನಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.